ಪರದೇಶದಲ್ಲಿ ಬಾಣಂತನ

ಹೆರಿಗೆಯೆಂಬುದು ಒಂದು ದಿವಸದ ಕಾರ್ಯ. ಬಾಣಂತನವೆಂಬುದು ಕೆಲವು ತಿಂಗಳುಗಳ ಕಾರ್ಯ. ಮೊದಲನೆಯದನ್ನು ಕುರಿತು ವೈದ್ಯರು ಬೇಕಾದಷ್ಟು ಗ್ರಂಥಗಳನ್ನು ಬರೆದಿದ್ದಾರೆ. ಎರಡನೆಯದಾದರೋ ನಮ್ಮಲ್ಲಿ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ, ಬಾಯಿಂದ ಬಾಯಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದ ವಿದ್ಯೆ. ನಸುಕಿನಲ್ಲಿಯೇ ಎದ್ದು ಹಂಡೆಗೆ ಉರಿ ಹಾಕುವವರು ಒಬ್ಬರು. ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರೆರೆಯುವವರು ಇನ್ನೊಬ್ಬರು. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪಗಳನ್ನು ಹೊತ್ತಿಗೆ ಸರಿಯಾಗಿ ಬಡಿಸುವವರು ಮತ್ತೊಬ್ಬರು. ಮಧ್ಯರಾತ್ರಿಯಲ್ಲಿ ಮಗು ಅತ್ತರೆ ತೊಟ್ಟಿಲು ತೂಗುವವರು ಮಗುದೊಬ್ಬರು. ಬಾಣಂತನವೆಂದರೆ ವಾತ್ಸಲ್ಯವೆಂದು ನಾವು ಹೇಳುವುದುಂಟು. ವಾತ್ಸಲ್ಯವಿರುವುದು ದಿಟ, ಆದರೆ ಲೆಕ್ಕವಿಟ್ಟು ನೋಡಿದರೆ ಅದು ಮುಖ್ಯವಾಗಿ ಕೆಲಸ, ಹಗಲಿರುಳೂ ನಡೆಯಬೇಕಾದ ಕೆಲಸ, ನಾಲ್ಕಾರು ಕೈಗಳು ಹಂಚಿಕೊಳ್ಳಬೇಕಾದ ಕೆಲಸ.

ಈ ಕೈಗಳು ಇಲ್ಲದ ಊರಿನಲ್ಲಿ ಮಗು ಹುಟ್ಟಿದರೆ ಏನಾಗುತ್ತದೆ? ಇಂದಿನ ಭಾಷಣದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನೇ. ನಮ್ಮ ಪರಿಚಯದ ಮನೆಗಳಲ್ಲಿ ಮಗನೋ ಮಗಳೋ ಉದ್ಯೋಗಕ್ಕಾಗಿ ಸಮುದ್ರದಾಚೆ ಹೋಗದಿರುವ ಮನೆ ಈಗ ಅಪರೂಪವಾಗಿದೆ. ಅಲ್ಲಿ ಗಂಡಹೆಂಡಿರು ಇಬ್ಬರೇ, ಬಾಡಿಗೆಯ ಮನೆ, ನೆರೆಯವರ ಭಾಷೆ ತಿಳಿಯದು. ಅಲ್ಲಿ ಮೂರನೆಯ ಪ್ರಾಣಿಯೊಂದು ಬಂದಾಗ ಸಂತೋಷದ ಜೊತೆಗೆ ಒಂದು ಭಯವೂ ಬರುತ್ತದೆ. ಎಲ್ಲ ದೇಶಗಳನ್ನೂ ಒಂದೇ ಭಾಷಣದಲ್ಲಿ ಸುತ್ತಿಬರುವುದು ಸಾಧ್ಯವಲ್ಲವಾದುದರಿಂದ ಫಿನ್ಲೆಂಡ್ ದೇಶವೊಂದನ್ನೇ ನಾವು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಎಳೆಯ ಮಗುವಿನ ಮನೆಯ ಕೆಲಸದಲ್ಲಿ ರಾಜ್ಯವು ಎಷ್ಟು ದೂರ ಕೈಹಾಕಬಹುದು, ಎಲ್ಲಿ ಅದರ ಕೈ ನಿಂತುಹೋಗುತ್ತದೆ ಎಂಬ ಎರಡನ್ನೂ ಆ ದೇಶದಲ್ಲಿ ಚೆನ್ನಾಗಿ ನೋಡಬಹುದು.

ಫಿನ್ಲೆಂಡ್ ಯೂರೋಪಿನ ಉತ್ತರದ ಅಂಚಿನಲ್ಲಿರುವ ದೇಶ. ಅದರ ಜನಸಂಖ್ಯೆ ಸುಮಾರು ೫೬ ಲಕ್ಷ. ಎಂದರೆ ನಮ್ಮ ಬೆಂಗಳೂರು ಒಂದರ ಜನಕ್ಕಿಂತ ಎಷ್ಟೋ ಕಡಿಮೆ. ರಾಜಧಾನಿಯಾದ ಹೆಲ್ಸಿಂಕಿ ೬೦ನೆಯ ಅಕ್ಷಾಂಶದಲ್ಲಿದೆ. ಡಿಸೆಂಬರು ತಿಂಗಳಲ್ಲಿ ಅಲ್ಲಿ ಸೂರ್ಯನು ಬೆಳಿಗ್ಗೆ ಒಂಬತ್ತು ಗಂಟೆ ಕಳೆದ ಮೇಲೆ ಹುಟ್ಟಿ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಹಗಲು ಆರು ಗಂಟೆಗಿಂತಲೂ ಕಡಿಮೆ. ಜೂನ್ ತಿಂಗಳಲ್ಲಾದರೋ ಹಗಲು ಸುಮಾರು ೧೯ ಗಂಟೆ. ಹೆಲ್ಸಿಂಕಿಯಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಎಸ್ಪೋ ನಗರದಲ್ಲಿಯೂ ಗಣಕಯಂತ್ರ, ದೂರಸಂಪರ್ಕ ಮೊದಲಾದ ಉದ್ಯೋಗಗಳನ್ನು ಹಿಡಿದು ಹೋದ ಭಾರತೀಯರು ನೆಲೆಸಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ.

ಈಗ ಸಂಪನ್ನವಾಗಿರುವ ಈ ದೇಶ ಹಿಂದೆ ಹೀಗಿರಲಿಲ್ಲವೆಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಅದು ೧೯೧೭ರಲ್ಲಿ ಸ್ವತಂತ್ರವಾಯಿತು; ಮರುವರ್ಷವೇ ಅಂತರ್ಯುದ್ಧಕ್ಕೆ ಸಿಕ್ಕಿತು. ೧೯೩೦ರ ದಶಕದಲ್ಲಿ ಅಲ್ಲಿ ಹುಟ್ಟಿದ ೧೦೦೦ ಮಕ್ಕಳಲ್ಲಿ ಸುಮಾರು ೬೫ ಮಕ್ಕಳು ಮೊದಲನೆಯ ಹುಟ್ಟುಹಬ್ಬವನ್ನು ಕಾಣುವ ಮುಂಚೆಯೇ ತೀರಿಹೋಗುತ್ತಿದ್ದವು. ಇದಕ್ಕೆ ಪ್ರತೀಕಾರವನ್ನು ಆರಂಭಿಸಿದವರಲ್ಲಿ ಮುಖ್ಯರು ಆರ್ವೊ ಯುಲ್ಪೊ ಎಂಬ ಶಿಶುವೈದ್ಯರು. ೧೮೮೭ರಲ್ಲಿ ಹುಟ್ಟಿ ೧೦೪ ವರ್ಷ ಬದುಕಿದ ಈ ಮಹನೀಯರು ೧೯೨೨ರಲ್ಲಿ ಹೆಲ್ಸಿಂಕಿಯಲ್ಲಿ ಮಕ್ಕಳಿಗಾಗಿ ಒಂದು ಸಲಹಾಕೇಂದ್ರವನ್ನು ತೆರೆದರು. ಅದಕ್ಕೆ ಆ ದೇಶದ ಭಾಷೆಯಲ್ಲಿ 'ನೆಉವೊಲ' ಎಂದು ಹೆಸರು. ಬುದ್ಧಿ ಹೇಳುವ ಸ್ಥಳವೆಂದು ಅರ್ಥ. ಖಾಯಿಲೆಯ ಮಗುವನ್ನು ಕರೆತರುವ ಆಸ್ಪತ್ರೆ ಅದಲ್ಲ. ಆರೋಗ್ಯವಾಗಿರುವ ಮಗುವನ್ನು ಆರೋಗ್ಯವಾಗಿಯೇ ಇರಿಸುವುದು ಹೇಗೆಂದು ತಾಯಿಗೆ ತಿಳಿಸುವ ಮನೆ. ೧೯೪೪ರ ಶಾಸನವು ದೇಶದ ಪ್ರತಿಯೊಂದು ಪುರಸಭೆಯೂ ಇಂಥ ಕೇಂದ್ರವನ್ನು ನಡೆಯಿಸತಕ್ಕುದೆಂದು ವಿಧಿಸಿತು. ಆ ವರ್ಷ ಆ ದೇಶ ಯುದ್ಧದಲ್ಲಿ ಬಳಲಿ ಸೊರಗಿದ್ದಿತೆಂಬುದನ್ನು ಗಮನಿಸಬೇಕು. ಹಣ ಕೂಡಿದ ಮೇಲೆ ಮಾಡಿದ ಧರ್ಮವಲ್ಲ ಅದು.

ಇದರ ಜೊತೆಗೆ ಇನ್ನೊಂದು ಏರ್ಪಾಡು ನಡೆಯಿತು. ನಮ್ಮಲ್ಲಿ 'ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ' ಎಂಬ ಗಾದೆಯುಂಟು. ಆತುರಗಾರನನ್ನು ನೋಡಿ ನಗುವುದಕ್ಕಾಗಿ ಅದನ್ನು ಹೇಳುತ್ತೇವೆ. ಫಿನ್ಲೆಂಡಿನಲ್ಲಿ ಆ ಗಾದೆಯನ್ನೇ ಸರ್ಕಾರವು ಕಾನೂನನ್ನಾಗಿ ಮಾಡಿಬಿಟ್ಟಿತೆನ್ನಬಹುದು. ೧೯೩೭ರಲ್ಲಿ ಶಾಸನವಾಗಿ, ೧೯೩೮ರಿಂದ ಬಡ ತಾಯಂದಿರಿಗೆ ಹೆರಿಗೆಯ ಪೆಟ್ಟಿಗೆಯೊಂದನ್ನು ಕೊಡಲು ಪ್ರಾರಂಭಿಸಿದರು. ಮೊದಮೊದಲು ಅದರಲ್ಲಿ ಬಟ್ಟೆಯ ತುಂಡುಗಳಿದ್ದವು. ತಾಯಂದಿರು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಬಟ್ಟೆ ಸೈನ್ಯಕ್ಕೆ ಬೇಕಾದಾಗ ಕಾಗದದ ಹಾಸುಗಳನ್ನು ಇಟ್ಟು ಕಳುಹಿಸಿದರೇ ಹೊರತು ಪೆಟ್ಟಿಗೆಯನ್ನು ನಿಲ್ಲಿಸಲಿಲ್ಲ. ಈಗ ಸಿದ್ಧವಾದ ಉಡುಪು, ಟೋಪಿ, ಕಾಲುಚೀಲ, ಹಿಮದ ಅಂಗಿ, ಮಲಗುವ ಚೀಲ, ಜ್ವರಮಾಪಕ, ಉಗುರು ಕತ್ತರಿಸುವ ಪುಟ್ಟ ಕತ್ತರಿ, ಚಿತ್ರದ ಪುಸ್ತಕ ಇವೆಲ್ಲವೂ ಅದರಲ್ಲಿ ಬರುತ್ತವೆ. ತಳದಲ್ಲಿ ಒಂದು ಸಣ್ಣ ಹಾಸಿಗೆಯಿರುತ್ತದೆ. ಸಾಮಾನುಗಳನ್ನು ತೆಗೆದು ಆ ಹಾಸಿಗೆಯನ್ನು ಹಾಸಿದರೆ ರಟ್ಟಿನ ಪೆಟ್ಟಿಗೆಯೇ ಕೂಸಿಗೆ ಮಂಚವಾಗುತ್ತದೆ. ಪೆಟ್ಟಿಗೆ ಬೇಡವೆನ್ನುವವರು ಅದಕ್ಕೆ ಬದಲಾಗಿ ಹಣವನ್ನು ಪಡೆಯಬಹುದು. ಆದರೆ ಚೊಚ್ಚಲ ತಾಯಂದಿರಲ್ಲಿ ಬಹುಮಂದಿ ಪೆಟ್ಟಿಗೆಯನ್ನೇ ಕೋರುತ್ತಾರೆ. ಆ ದೇಶದ ಸಾಮಾಜಿಕ ವಿಮೆಗೆ ಒಳಪಟ್ಟಿರುವ ಪರದೇಶೀಯರಿಗೂ ಇದು ದೊರೆಯುತ್ತದೆ.

೧೯೪೯ರಲ್ಲಿ ಈ ಪೆಟ್ಟಿಗೆಯನ್ನು ಬಡವರು ಬಲ್ಲಿದರೆಂಬ ಭೇದವಿಲ್ಲದೆ ಎಲ್ಲ ತಾಯಂದಿರಿಗೂ ವಿಸ್ತರಿಸಿದರು. ಆದರೆ ಅದಕ್ಕೆ ಒಂದು ನಿಬಂಧನೆಯುಂಟು: ಗರ್ಭಿಣಿಯು ನಾಲ್ಕನೆಯ ತಿಂಗಳು ಮುಗಿಯುವುದರೊಳಗಾಗಿ ವೈದ್ಯರ ಬಳಿಗೋ ಸಲಹಾಕೇಂದ್ರಕ್ಕೋ ಹೋಗಿ ಪರೀಕ್ಷೆ ಮಾಡಿಸಿಕೊಂಡಿರಬೇಕು. ಈ ಏರ್ಪಾಡಿನ ಜಾಣತನವೆಲ್ಲ ಈ ಒಂದು ನಿಬಂಧನೆಯಲ್ಲಿದೆಯೆಂದು ನಮಗೆ ತೋರುತ್ತದೆ. ಪೆಟ್ಟಿಗೆಯ ಆಸೆಯಿಂದ ತಾಯಿ ಕೇಂದ್ರಕ್ಕೆ ಬಂದಳು. ಬಂದವಳನ್ನು ದಾದಿ ಬಿಡಲಿಲ್ಲ. ರಕ್ತದ ಒತ್ತಡ ಅಳೆದರು, ಆಹಾರ ವಿಚಾರಿಸಿದರು, ಮತ್ತೆ ಬಾರೆಂದು ದಿನ ಗೊತ್ತುಮಾಡಿದರು. ಶಿಶುಮರಣದ ಸಂಖ್ಯೆ ಈಗ ಅಲ್ಲಿ ೧೦೦೦ಕ್ಕೆ ಸುಮಾರು ೨ರಷ್ಟಕ್ಕೆ ಇಳಿದಿರುವುದು ರಟ್ಟಿನ ಪೆಟ್ಟಿಗೆಯ ಮಹಿಮೆಯಿಂದಲೇ ಎಂದು ತಿಳಿಯತಕ್ಕದ್ದಲ್ಲ. ಚುಚ್ಚುಮದ್ದು, ಶುದ್ಧವಾದ ನೀರು, ಒಳ್ಳೆಯ ಆಸ್ಪತ್ರೆ, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ದೇಶದ ಐಶ್ವರ್ಯ ಎಲ್ಲವೂ ಕೂಡಿ ಆದ ಫಲ ಅದು. ಪೆಟ್ಟಿಗೆಯು ಆ ಎಲ್ಲಕ್ಕೂ ಬಾಗಿಲು ತೆರೆದಿತು ಎನ್ನುವುದಷ್ಟೇ ಸರಿ.

ಕೂಸು ಹುಟ್ಟಿದ ಮೇಲೆ ಸಲಹಾಕೇಂದ್ರದ ದಾದಿಯು ಆ ಮನೆಯ ಪಾಲಿಗೆ ಸರ್ಕಾರ ನೇಮಿಸಿದ ಅಜ್ಜಿಯಂತೆ ಆಗುತ್ತಾಳೆ. ಚೊಚ್ಚಲ ಹೆರಿಗೆಯಾದರೆ ಆಕೆ ಮನೆಗೇ ಬಂದು ನೋಡುವುದು ವಾಡಿಕೆ. ಆಮೇಲೆ ಮೊದಲನೆಯ ವರ್ಷದಲ್ಲಿ ಒಂಬತ್ತು ಸಲವಾದರೂ ಮಗುವನ್ನು ಕೇಂದ್ರಕ್ಕೆ ಕರೆದೊಯ್ಯಬೇಕಾಗುತ್ತದೆ. ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಗುರುತುಹಾಕಿ, ಬೆಳವಣಿಗೆಯ ರೇಖೆ ಏರುತ್ತಿದೆಯೋ ಇಲ್ಲವೋ ಎಂದು ತೋರಿಸುತ್ತಾಳೆ. ಮಗುವನ್ನು ಅಂಗಾತ ಮಲಗಿಸಬೇಕು. ಅದರ ಹಾಸಿಗೆಯಲ್ಲಿ ದಿಂಬು ಇಡಬಾರದು. ಎದೆಹಾಲು ಕುಡಿಸುವಾಗ ಹೀಗೆ ಹಿಡಿದುಕೊಳ್ಳಬೇಕು. ಅಳು ನಿಲ್ಲದಿದ್ದರೆ ಇಂತಿಂಥದನ್ನು ನೋಡಬೇಕು. ಎಂಥ ಕೋಪದಲ್ಲಿಯೂ ಕೂಸನ್ನು ಅಲುಗಾಡಿಸಕೂಡದು. ಹೀಗೆ ನಮ್ಮ ಹಿರಿಯ ಹೆಂಗಸರು ಅಡಿಗೆಮನೆಯಿಂದಲೇ ಕೂಗಿ ಹೇಳುವ ನೂರು ಮಾತುಗಳನ್ನು ಆಕೆ ಎದುರಿಗೆ ಕುಳಿತು ಹೇಳುತ್ತಾಳೆ. ತಾಯಿಗೆ ಭಾಷೆ ಬಾರದಿದ್ದರೆ ದುಭಾಷಿಯನ್ನು ಏರ್ಪಡಿಸುವುದೂ ಉಂಟು.

ಇನ್ನು ತಂದೆಯ ವಿಚಾರ. ಬಾಣಂತಿಯ ಕೋಣೆಯ ಹೊಸ್ತಿಲಾಚೆ ನಿಂತು 'ಹೇಗಿದ್ದೀಯೆ?' ಎಂದು ಕೇಳಿ ಹೊರಟುಹೋಗುವುದು ನಮ್ಮ ಹಿಂದಿನ ತಂದೆಗಳ ಪಾತ್ರವಾಗಿದ್ದಿತು. ಫಿನ್ಲೆಂಡು ಈ ವಿಷಯದಲ್ಲಿ ೨೦೨೨ರಲ್ಲಿ ಹೊಸ ಕಟ್ಟಳೆಯನ್ನು ತಂದಿತು. ಅದರ ಪ್ರಕಾರ ಗರ್ಭಿಣಿಗೆ ೪೦ ದಿವಸಗಳ ಭತ್ಯವಲ್ಲದೆ, ತಾಯಿಗೆ ೧೬೦, ತಂದೆಗೆ ೧೬೦ ದಿವಸಗಳ ಭತ್ಯಸಹಿತವಾದ ರಜೆ ಉಂಟು. ಭಾನುವಾರಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ತನ್ನ ಪಾಲಿನಿಂದ ೬೩ ದಿವಸಗಳನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಉಳಿದುದನ್ನು ತಾವೇ ಬಳಸಬೇಕು, ಇಲ್ಲವೆ ಕಳೆದುಕೊಳ್ಳಬೇಕು. ಇಬ್ಬರೂ ಒಟ್ಟಿಗೆ ಮನೆಯಲ್ಲಿರಬಹುದಾದ ಭತ್ಯದ ದಿವಸಗಳು ೧೮ ಮಾತ್ರ. ಎಂದರೆ ಮಿಕ್ಕ ದಿವಸಗಳಲ್ಲಿ ತಂದೆಯು ಹೆಂಡತಿಗೆ ಸಹಾಯಕನಾಗಿ ಮನೆಯಲ್ಲಿರುವುದಲ್ಲ. ಹೆಂಡತಿ ಕೆಲಸಕ್ಕೆ ಹೋದಾಗ ತಾನೊಬ್ಬನೇ ಮಗುವನ್ನು ನೋಡಿಕೊಳ್ಳಬೇಕೆಂಬುದು ಶಾಸನದ ಆಶಯ. ನಮ್ಮ ಕನ್ನಡದ ಹುಡುಗರು ಅಲ್ಲಿ ಕೂಸಿನ ಬಟ್ಟೆ ಬದಲಾಯಿಸುವುದನ್ನೂ, ರಾಗಿಯ ಸರಿ ಕಾಸುವುದನ್ನೂ, ಹೆಗಲಮೇಲೆ ಹಾಕಿಕೊಂಡು ತೇಗು ಬರಿಸುವುದನ್ನೂ ಕಲಿತಿದ್ದಾರೆ. ಊರಿನಲ್ಲಿದ್ದಿದ್ದರೆ ಇದನ್ನು ಕಲಿಯಲು ಹಿರಿಯರು ಅವರಿಗೆ ಎಡೆಯನ್ನೇ ಕೊಡುತ್ತಿರಲಿಲ್ಲವೇನೋ!

ಅಲ್ಲಿನ ದಿನಚರಿಯಲ್ಲಿ ನಮ್ಮವರನ್ನು ಮೊದಲು ಬೆಚ್ಚಿಬೀಳಿಸುವ ವಿಷಯ ಒಂದುಂಟು. ಚಳಿಗಾಲದಲ್ಲಿ ಹಿಮ ಬಿದ್ದಿರುವಾಗಲೂ ಫಿನ್ಲೆಂಡಿನ ತಾಯಂದಿರು ಮಗುವನ್ನು ಹಗಲಿನ ನಿದ್ರೆಗಾಗಿ ಕೈಗಾಡಿಯಲ್ಲಿ ಮಲಗಿಸಿ ಹೊರಗೆ, ಅಂಗಳದಲ್ಲೋ ಬಾಲ್ಕನಿಯಲ್ಲೋ ಇರಿಸುತ್ತಾರೆ. ಉಣ್ಣೆಯ ಒಳಬಟ್ಟೆ, ಅದರ ಮೇಲೆ ದಪ್ಪ ಅಂಗಿ, ಅದರ ಮೇಲೆ ಮಲಗುವ ಚೀಲ. ಮೂಗು ಮಾತ್ರ ಹೊರಗೆ. ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿಯುವವರೆಗೆ ಇದಕ್ಕೆ ಅಡ್ಡಿಯಿಲ್ಲವೆಂದು ಅವರ ಎಣಿಕೆ. ಬಾಣಂತಿಯ ಕಿವಿಗೆ ಹತ್ತಿಯಿಟ್ಟು, ಕಿಟಕಿ ಮುಚ್ಚಿ, ಗಾಳಿಯೇ ಶತ್ರುವೆಂದು ಬೆಳೆದುಬಂದ ನಮ್ಮವರಿಗೆ ಇದು ಕ್ರೌರ್ಯವೆಂದೇ ತೋರೀತು. ಆದರೆ ಅಲ್ಲಿ ಮನೆಗಳ ಒಳಗೆ ಶಾಖ ಕಾಯಿಸಿದ ಒಣಗಾಳಿ. ಹೊರಗೆ ಶುಭ್ರವಾದ ತಂಪುಗಾಳಿ. ಸೂರ್ಯನೇ ಅಪರೂಪವಾದ ದೇಶವಾದುದರಿಂದ ಎರಡು ವಾರದ ಕೂಸಿನಿಂದ ಮೊದಲುಗೊಂಡು ಪ್ರತಿದಿವಸವೂ 'ಡಿ' ಜೀವಸತ್ವದ ಹನಿಗಳನ್ನು ಹಾಕಬೇಕೆಂದು ವಿಧಿಸಿದ್ದಾರೆ. ನಮ್ಮ ಅಜ್ಜಿಯರು ಎಳೆಬಿಸಿಲಿನಲ್ಲಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಕೂರುತ್ತಿದ್ದುದರ ಬದಲಿಗೆ ಅಲ್ಲಿ ಈ ಹನಿ ಬಂದಿದೆ. ದೇಶ ಬೇರೆಯಾದಂತೆ ಆಚಾರ ಬೇರೆ, ಉದ್ದೇಶ ಒಂದೇ.

ಮನೆಯಿಂದ ಹೊರಗೆ ಹೊರಡುವ ತಾಯಿಗೆ ನಗರವೂ ಎಡೆಮಾಡಿಕೊಡುತ್ತದೆ. ಹೆಲ್ಸಿಂಕಿಯಲ್ಲಿ ಕೂಸಿನ ಗಾಡಿಯನ್ನು ತಳ್ಳಿಕೊಂಡು ಬಂದವರು ಬಸ್ಸಿಗೂ ಟ್ರಾಮಿಗೂ ನಡುವಿನ ಬಾಗಿಲಿನಿಂದ ಹತ್ತಬಹುದು. ಟಿಕೆಟ್ಟಿನ ಗೊಡವೆಯಿಲ್ಲದೆ ಪ್ರಯಾಣಮಾಡುವ ಸೌಕರ್ಯವೂ ಬಹುಕಾಲದಿಂದ ನಡೆದುಬಂದಿದೆ. ೨೦೧೮ರ ಡಿಸೆಂಬರಿನಲ್ಲಿ ತೆರೆದ 'ಓಡಿ' ಎಂಬ ದೊಡ್ಡ ಪುಸ್ತಕಭಂಡಾರದಲ್ಲಿ ಪುಸ್ತಕಗಳ ಅಂತಸ್ತಿನಲ್ಲೇ ಎಳೆಯ ಮಕ್ಕಳು ಹರಿದಾಡಲು ಸ್ಥಳವಿದೆ. ನಗರಸಭೆಯ ಆಟದ ತೋಟಗಳಲ್ಲಿ ಬೇಸಗೆಯಲ್ಲಿ ಮಕ್ಕಳಿಗೆ ಬಿಟ್ಟಿಯಾಗಿ ಊಟ ಬಡಿಸುತ್ತಾರೆ; ಬಟ್ಟಲು ಚಮಚಗಳನ್ನು ಮಾತ್ರ ಮಕ್ಕಳೇ ತರಬೇಕು. ಯುದ್ಧಕಾಲದ ೧೯೪೨ರಲ್ಲಿ ಹುಟ್ಟಿದ ಪದ್ಧತಿ ಅದು. ಯುದ್ಧ ಮುಗಿಯಿತು, ಊಟ ಮುಗಿಯಲಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಕನ್ನಡದ ಮನೆಯಲ್ಲಿ ಹೆರಿಗೆಯೆಂದರೆ ಊರಿನಿಂದ ಅಮ್ಮನೋ ಅತ್ತೆಯವರೋ ಬರಲೇಬೇಕೆಂಬ ಹಂಬಲ ತಪ್ಪುವುದಿಲ್ಲ. ಅವರು ಬರುವುದು ಸಂದರ್ಶಕರ ವೀಸಾದ ಮೇಲೆ. ಯೂರೋಪಿನ ಆ ದೇಶಗಳ ಒಕ್ಕೂಟದ ನಿಯಮದಂತೆ ಯಾವುದೇ ೧೮೦ ದಿವಸಗಳಲ್ಲಿ ೯೦ ದಿವಸ ಮಾತ್ರ ಇರಲು ಅಪ್ಪಣೆ. ನಮ್ಮ ಬಾಣಂತನ ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು. ವೀಸಾದ ಬಾಣಂತನ ಮೂರು ತಿಂಗಳಿಗೆ ಸರಿಯಾಗಿ ಮುಗಿಯತಕ್ಕುದು. ಹೊರಡುವಾಗ ಆ ತಾಯಿ ಕಟ್ಟಿಕೊಳ್ಳುವ ಗಂಟನ್ನು ತಾವು ಊಹಿಸಿಕೊಳ್ಳಬಹುದು: ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟು, ಮೆಣಸು, ಓಮ, ಒಣಶುಂಠಿ, ಮೆಂತ್ಯ, ಅಂಟಿನ ಉಂಡೆಗೆ ಅಂಟು, ಒಣಕೊಬ್ಬರಿ. ಆದರೆ ಮನೆಯಲ್ಲಿ ಕಾಸಿದ ತುಪ್ಪದ ಡಬ್ಬಿಯನ್ನು ಒಯ್ಯುವಂತಿಲ್ಲ. ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರಕೂಡದೆಂದು ಯೂರೋಪಿನ ಕಟ್ಟಳೆಯುಂಟು. ಇದನ್ನು ತಿಳಿಯದೆ ವಿಮಾನನಿಲ್ದಾಣದಲ್ಲಿ ಡಬ್ಬಿಯನ್ನು ಬಿಟ್ಟುಕೊಡುವವರ ದುಃಖ ಸಣ್ಣದಲ್ಲ. ಅಲ್ಲಿ ಬೆಣ್ಣೆ ಚೆನ್ನಾಗಿಯೇ ಸಿಕ್ಕುತ್ತದೆ. ತುಪ್ಪವನ್ನು ಅಲ್ಲಿಯೇ ಕಾಸಿಕೊಳ್ಳುವುದು ಮೇಲು.

ದಾದಿಗೂ ಅಜ್ಜಿಗೂ ಕೆಲವು ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬರುವುದು ಸಹಜ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು ನಮ್ಮ ಸಂಪ್ರದಾಯ. ಒಂದು ವರ್ಷ ತುಂಬುವವರೆಗೆ ಜೇನು ಕೂಡದೆಂದು ವೈದ್ಯಶಾಸ್ತ್ರ. ಏಕೆಂದರೆ ಜೇನಿನಲ್ಲಿ ಇರಬಹುದಾದ ಒಂದು ಜಾತಿಯ ರೋಗಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಬಲ್ಲವು. ಪೇಟೆಯಲ್ಲಿ ಮಾರುವ ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುವುದರಿಂದ ಕಣ್ಣಿಗೆ ಕಾಡಿಗೆಯೂ ಬೇಡವೆನ್ನುತ್ತಾರೆ. ಸಾಂಬ್ರಾಣಿಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೇಲಾಗಿ ಅಲ್ಲಿನ ಮನೆಮನೆಯಲ್ಲೂ ಇರುವ ಹೊಗೆಯ ಎಚ್ಚರಿಕೆಗಂಟೆಗೆ ಸಾಂಬ್ರಾಣಿಗೂ ಬೆಂಕಿಗೂ ಭೇದ ತಿಳಿಯದು! ಈ ಮೂರರಲ್ಲಿ ಅಜ್ಜಿಯರು ಸೋಲುವುದೇ ಮಗುವಿಗೆ ಹಿತ. ಆದರೆ ಮೃದುವಾಗಿ ಎಣ್ಣೆ ನೀವುವುದಕ್ಕೆ ದಾದಿಯ ಅಡ್ಡಿಯಿಲ್ಲ. ಬಾಣಂತಿಗೆ ಬಿಸಿಯೂಟ, ನಿದ್ರೆ, ವಿಶ್ರಾಂತಿ ಬೇಕೆಂಬ ವಿಷಯದಲ್ಲಂತೂ ಇಬ್ಬರದೂ ಒಂದೇ ಮಾತು. ಇನ್ನೊಂದು ಸಾಮ್ಯವನ್ನೂ ಹೇಳಬೇಕು. ಫಿನ್ಲೆಂಡಿನವರಿಗೆ ಸೌನಾ ಎಂಬ ಬೆವರುಮನೆ ಪ್ರಾಣಕ್ಕೆ ಸಮಾನವಾದುದು. ಹಿಂದೆ ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆಗಳು ಆ ಮನೆಯಲ್ಲಿಯೇ ಆಗುತ್ತಿದ್ದವು. ಬೆಚ್ಚಗಿರುವ, ಬಿಸಿನೀರು ಸಿಕ್ಕುವ, ಮನೆಗೆಲ್ಲ ನಿರ್ಮಲವಾದ ಸ್ಥಳ ಅದೊಂದೇ ಆಗಿದ್ದಿತು. ಹಂಡೆಯೊಲೆಯ ಬಚ್ಚಲುಮನೆಯನ್ನು ಬಾಣಂತಿಯ ಅರ್ಧ ಔಷಧವೆಂದು ನಂಬಿದ ನಮ್ಮ ಅಜ್ಜಿಗೆ ಇದನ್ನು ತಿಳಿಸಿದರೆ, ಆ ದೇಶದವರು ಕೂಡಲೇ ನೆಂಟರಾಗಿಬಿಡುತ್ತಾರೆ.

ತೊಂಬತ್ತನೆಯ ದಿವಸ ಕಳೆಯುತ್ತದೆ. ಅಜ್ಜಿ ವಿಮಾನವನ್ನು ಹತ್ತುತ್ತಾಳೆ. ಈ ವಿಷಯದ ಮರ್ಮವಿರುವುದು ತೊಂಬತ್ತೊಂದನೆಯ ದಿವಸದಲ್ಲಿ. ಗಂಡ ಕೆಲಸಕ್ಕೆ ಹೋಗಿದ್ದಾನೆ. ಮಧ್ಯಾಹ್ನ ಮೂರೂವರೆಗೆ ಕತ್ತಲಾಗಿದೆ. ಊರಿಗೂ ಅಲ್ಲಿಗೂ ಚಳಿಗಾಲದಲ್ಲಿ ಮೂರೂವರೆ ಗಂಟೆಯ ಅಂತರ. ಮುಖ ನೋಡಿ ಮಾತನಾಡುವ ದೂರವಾಣಿಯಲ್ಲಿ ಅಮ್ಮ ಕಾಣುತ್ತಾಳೆ, ಆದರೆ ಪರದೆಯಾಚೆಗೆ ಕೈ ಚಾಚಿ ಕೂಸನ್ನು ಎತ್ತಿಕೊಳ್ಳಲಾರಳು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಎಸ್ಪೋದಿಂದ ನಮಗೆ ಹೀಗೆ ಬರೆದಿದ್ದರು: ಮನೆಯಲ್ಲಿ ಯಾವ ವಸ್ತುವಿಗೂ ಕೊರತೆಯಿರಲಿಲ್ಲ, ಕೂಸು ಆರೋಗ್ಯವಾಗಿದ್ದಿತು, ಗಂಡ ಒಳ್ಳೆಯವನು, ಆದರೂ ತಮಗೆ ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತಿದ್ದಿತು, 'ನಾನು ಒಳ್ಳೆಯ ತಾಯಿಯಲ್ಲ' ಎಂಬ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದಿತು, ಅಮ್ಮನಿಗೆ ಹೇಳಿದರೆ ಆಕೆ ಅಷ್ಟು ದೂರದಲ್ಲಿ ಕೊರಗುವಳೆಂದು ಹೇಳಲಿಲ್ಲ, ಗಂಡನಿಗೆ ಹೇಳಲು ನಾಚಿಕೆಯಾಯಿತು.

ಇದು ಆ ಹೆಣ್ಣುಮಗಳ ದುರ್ಬಲತೆಯಲ್ಲ, ಇದೊಂದು ವ್ಯಾಧಿ. ಹೆರಿಗೆಯ ಅನಂತರ ನೂರಕ್ಕೆ ಸುಮಾರು ೧೩ ಮಂದಿ ತಾಯಂದಿರಿಗೆ ಇಂಥ ಮನೋವ್ಯಾಧಿ, ಮುಖ್ಯವಾಗಿ ಖಿನ್ನತೆ, ತಗಲುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮೊದಲ ಒಂದೆರಡು ವಾರಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬೇರೆ. ಅದು ತಾನಾಗಿಯೇ ಅಡಗುತ್ತದೆ. ಅಡಗದೆ ವಾರಗಟ್ಟಲೆ ನಿಂತರೆ ಚಿಕಿತ್ಸೆ ಬೇಕು. ಫಿನ್ಲೆಂಡಿನ ಸಲಹಾಕೇಂದ್ರಗಳಲ್ಲಿ ಇದನ್ನು ಕಂಡುಹಿಡಿಯುವುದಕ್ಕೆ ೧೯೮೭ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯನ್ನು ಬಳಸುತ್ತಾರೆ. ಅದರಲ್ಲಿರುವುದು ಹತ್ತೇ ಪ್ರಶ್ನೆಗಳು: ಕಳೆದ ಏಳು ದಿವಸಗಳಲ್ಲಿ ನಗು ಬಂದಿತೆ, ನಿದ್ರೆ ಬಂದಿತೆ, ವೃಥಾ ತನ್ನನ್ನೇ ಹಳಿದುಕೊಂಡದ್ದುಂಟೆ, ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತೆ ಎಂಬಂಥವು. ನಮ್ಮ ವಿದ್ಯಾರ್ಥಿನಿಯವರು ಆ ಕಾಗದದ ಮೇಲೆ ಗುರುತು ಹಾಕಿದರು; ದಾದಿ ಅದನ್ನು ನೋಡಿ, ಮೇಲಕ್ಕೆ ನೋಡಿ, 'ಇದನ್ನು ನೀವು ಇನ್ನು ಯಾರಿಗೆ ಹೇಳಿದ್ದೀರಿ?' ಎಂದು ಕೇಳಿದರಂತೆ. ಅವರು ಯಾರಿಗೂ ಹೇಳಿರಲಿಲ್ಲ. ಅಂದು ಚಿಕಿತ್ಸೆ ಆರಂಭವಾಯಿತು. ಮೂರು ನಾಲ್ಕು ತಿಂಗಳುಗಳಲ್ಲಿ ಅವರು ಚೇತರಿಸಿಕೊಂಡರು. ಅಕ್ಕರೆ ತುಂಬಿದ ಮನೆಯವರಿಗೆ ಕಾಣದೆಹೋದುದು ಪರಕೀಯಳಾದ ಒಬ್ಬ ದಾದಿಗೆ ಕಂಡಿತು. ಏಕೆಂದರೆ ಕೇಳುವುದು ಆಕೆಯ ಕರ್ತವ್ಯದಲ್ಲಿ ಸೇರಿದ್ದಿತು.

ಆದರೆ ದಾದಿ ದಿನವೂ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಹರಟೆ ಇರುವುದಿಲ್ಲ. ರಾಜ್ಯದ ಕೈ ನಿಲ್ಲುವುದು ಇಲ್ಲಿಯೇ. ನಮ್ಮ ವಿದ್ಯಾರ್ಥಿನಿಯವರಿಗೆ ಔಷಧದಷ್ಟೇ ಉಪಕಾರವಾದುದು ನೆರೆಯ ಕಟ್ಟಡದ ಒಬ್ಬ ತಮಿಳು ಹೆಂಗಸಿನಿಂದ. ವಾರಕ್ಕೆ ಎರಡು ದಿವಸ ಆಕೆ ಬಂದು ಕೂಸನ್ನು ಎತ್ತಿಕೊಂಡು, 'ನೀವು ಎರಡು ಗಂಟೆ ಮಲಗಿಕೊಳ್ಳಿ' ಎಂದಿಷ್ಟೇ ಹೇಳುತ್ತಿದ್ದರಂತೆ. ಪರದೇಶದಲ್ಲಿರುವ ನಮ್ಮವರು ರಾಜ್ಯೋತ್ಸವಕ್ಕೂ ಯುಗಾದಿಗೂ ಸೇರಿ ಹಾಡಿ ಉಣ್ಣುವುದು ಬಹಳ ಸಂತೋಷದ ವಿಷಯ. ಅದರ ಜೊತೆಗೆ ಯಾವ ಮನೆಯಲ್ಲಿ ಕೂಸು ಹುಟ್ಟಿದೆ, ಯಾರ ಅಮ್ಮ ಊರಿಗೆ ಹಿಂದಿರುಗಿದರು ಎಂಬುದನ್ನೂ ವಿಚಾರಿಸಿ, ಸರದಿಯ ಮೇಲೆ ಒಂದು ಡಬ್ಬಿ ಸಾರನ್ನವನ್ನೂ ಎರಡು ಗಂಟೆಯ ಕಾಲವನ್ನೂ ಕೊಟ್ಟುಬರುವುದಾದರೆ, ಅದಕ್ಕಿಂತ ದೊಡ್ಡ ಉತ್ಸವವಿಲ್ಲ.

ವ್ಯವಹಾರದ ಎರಡು ಮಾತುಗಳನ್ನೂ ಇಲ್ಲಿ ಹೇಳಿಬಿಡುತ್ತೇವೆ. ಫಿನ್ಲೆಂಡಿನಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಮೂರು ತಿಂಗಳೊಳಗಾಗಿ ಸರ್ಕಾರಕ್ಕೆ ತಿಳಿಸಬೇಕು. ಹನ್ನೊಂದನೆಯ ದಿವಸವೋ ಹನ್ನೆರಡನೆಯ ದಿವಸವೋ ನಾಮಕರಣ ಮಾಡುವ ನಮ್ಮವರಿಗೆ ಈ ಅವಧಿ ಧಾರಾಳವಾದುದೇ. ಆದರೆ ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಆ ದೇಶದ ಪ್ರಜೆಯಾಗುವುದಿಲ್ಲ. ತಂದೆತಾಯಿಗಳ ಪ್ರಜಾತ್ವವೇ ಅದಕ್ಕೆ ಬರುವುದು. ತಂದೆತಾಯಿಗಳು ಭಾರತೀಯರಾದರೆ, ಹುಟ್ಟಿದ ಒಂದು ವರ್ಷದೊಳಗಾಗಿ ಭಾರತದ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ಮಗುವಿಗೆ ಬೇರೊಂದು ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ನಿದ್ರೆಗೆಟ್ಟ ದಿವಸಗಳಲ್ಲಿ ಈ ಕಾಗದಗಳನ್ನು ಮುಂದಕ್ಕೆ ಹಾಕುತ್ತ ಹೋಗುವುದು ಸುಲಭ. ಆಮೇಲೆ ಪಡುವ ಪಾಡು ಸುಲಭವಲ್ಲ.

ಈ ಕಥೆ ದೂರದೇಶದ್ದಾಯಿತು; ಇದರಿಂದ ಇಲ್ಲಿರುವ ನಮಗೇನೆಂದು ತಾವು ಕೇಳಬಹುದು. ನಮ್ಮ ಬೆಂಗಳೂರಿನಲ್ಲಿಯೂ ಹೊರ ಊರುಗಳಿಂದ ಬಂದು ಎರಡು ಕೋಣೆಗಳಲ್ಲಿ ಇಬ್ಬರೇ ವಾಸಿಸುವ ದಂಪತಿಗಳು ಎಷ್ಟೋ ಸಾವಿರ. ಅಮ್ಮನಿಗೆ ವಯಸ್ಸಾಗಿದೆ, ಅಥವಾ ಆಕೆಯೂ ಉದ್ಯೋಗದಲ್ಲಿದ್ದಾಳೆ, ಅಥವಾ ಇಲ್ಲವೇ ಇಲ್ಲ. ಅವರಿಗೆ ಬೆಂಗಳೂರೂ ಪರದೇಶವೇ. ನಮ್ಮಲ್ಲಿ ಏನೂ ನಡೆದಿಲ್ಲವೆನ್ನುವುದು ಅನ್ಯಾಯವಾದೀತು. ಕರ್ನಾಟಕ ಸರ್ಕಾರವು ೨೦೦೭ರಲ್ಲಿ 'ಮಡಿಲು' ಎಂಬ ಹೆಸರಿನಿಂದ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ ಮೊದಲಾದವುಗಳ ಗಂಟೊಂದನ್ನು ಕೊಡಲು ಪ್ರಾರಂಭಿಸಿತ್ತು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ ೪೨ನೆಯ ದಿವಸದವರೆಗೆ ಆರು ಸಲ ಮನೆಗೆ ಬಂದು ನೋಡಬೇಕೆಂಬ ಏರ್ಪಾಡು ಉಂಟು. ೨೦೧೭ರ ತಿದ್ದುಪಡಿಯು ಹೆರಿಗೆಯ ರಜೆಯನ್ನು ೨೬ ವಾರಗಳಿಗೆ ಏರಿಸಿತು. ೨೦೨೦ರ ಲೆಕ್ಕದಲ್ಲಿ ಶಿಶುಮರಣದ ಸಂಖ್ಯೆ ಭಾರತದಲ್ಲಿ ೧೦೦೦ಕ್ಕೆ ೨೮, ಕರ್ನಾಟಕದಲ್ಲಿ ೧೯, ಇಳಿದುಬಂದಿರುವುದೇನೋ ನಿಜ. ಆದರೆ ತಂದೆಗೆ? ಕೇಂದ್ರ ಸರ್ಕಾರದ ನೌಕರನಿಗೆ ೧೫ ದಿವಸ. ಖಾಸಗಿ ಉದ್ಯೋಗದಲ್ಲಿರುವವರಿಗೆ ಯಜಮಾನನ ಮನಸ್ಸು ಬಂದಷ್ಟು. ತಾಯಿಯ ಮನಸ್ಸಿನ ಸ್ಥಿತಿಯನ್ನು ಕೇಳುವ ಆ ಹತ್ತು ಪ್ರಶ್ನೆಗಳನ್ನು ನಮ್ಮಲ್ಲಿ ಎಷ್ಟು ಮಂದಿ ಬಾಣಂತಿಯರಿಗೆ ಯಾರಾದರೂ ಕೇಳಿದ್ದಾರೆಂಬುದನ್ನು ತಾವೇ ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿ ನೋಡಬಹುದು.

ತವರುಮನೆಯ ಬಾಣಂತನವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಸಮನಾದುದನ್ನು ಯಾವ ಸರ್ಕಾರವೂ ಕಟ್ಟಲಾರದು. ಆದರೆ ತವರು ಇರುವವಳಿಗೆ ಮಾತ್ರ ಬಾಣಂತನ, ಇಲ್ಲದವಳಿಗೆ ಅವಳ ಹಣೆಯ ಬರಹ ಎಂದು ಬಿಟ್ಟುಬಿಡುವ ಸಮಾಜ ತನ್ನ ಕರ್ತವ್ಯದಲ್ಲಿ ಅರ್ಧವನ್ನೇ ಮಾಡಿದಂತಾಯಿತು. ಫಿನ್ಲೆಂಡಿನವರು ತಮ್ಮ ಬಡತನದ ಕಾಲದಲ್ಲಿ ಕಂಡುಕೊಂಡ ಸತ್ಯ ಇಷ್ಟೇ: ಕೂಸು ಒಂದು ಮನೆಯಲ್ಲಿ ಹುಟ್ಟಿದರೂ ಅದನ್ನು ಎತ್ತಿಕೊಳ್ಳುವ ಕೈಗಳು ಆ ಮನೆಯೊಳಗೇ ಇರಬೇಕೆಂಬ ನಿಯಮವಿಲ್ಲ. ತಮ್ಮ ಬೀದಿಯಲ್ಲಿ ಈ ತಿಂಗಳು ಕೂಸು ಹುಟ್ಟಿರುವ ಮನೆ ಯಾವುದೆಂದು ತಾವು ಬಲ್ಲಿರಾದರೆ, ಮಗುವನ್ನು ನೋಡಲು ಹೋದಾಗ ಅದು ಯಾರ ಹಾಗಿದೆಯೆಂದು ಹೇಳುವುದಕ್ಕೆ ಮುಂಚೆ, ಅದರ ತಾಯಿ ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿದಳೆಂದು ಕೇಳಬೇಕೆಂಬುದಾಗಿ ನಮ್ಮ ವಿಜ್ಞಾಪನೆ.